ಹಾಲು ಮುಗಿಯುವವರೆಗೆ

ಟಿಂಗ್, ಟಿಂಗ್, ಟಿಂಗ್ ಎಂದು ಬರೆದರೆ ಆ ಶಬ್ದವನ್ನು ಅರ್ಧ ಮಾತ್ರ ಬರೆದಂತೆ. ಅದಕ್ಕೊಂದು ಸ್ವರವೂ ಇತ್ತು. ಮಗುವಿನ ಮೈಯಲ್ಲಿ ಆಕ್ಸಿಜನ್ ಸಾಕಷ್ಟಿದ್ದರೆ ಮೇಲಿನ ಸ್ವರ. ಕಡಿಮೆಯಾಗುತ್ತ ಬಂದರೆ ಮಾನಿಟರಿನ ಸ್ವರವೂ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಿತ್ತು. ಕಾನ್ವೆಂಟಿನಲ್ಲಿ ನನಗೆ ಪಿಯಾನೊ ಕಲಿಸುತ್ತಿದ್ದ ಮದರ್, ‘ಯು ಹ್ಯಾವ್ ಆ್ಯನ್ ಇಯರ್, ಚೈಲ್ಡ್’ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಆ ಕಿವಿ ಜಹೀರಾಬಾದಿನ ಒಂದು ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಉಪಯೋಗಕ್ಕೆ ಬಂತು. ಉಪಯೋಗ ಎಂದರೆ, ಒಳಗೆ ಏನೋ ಕೆಡುತ್ತಿದೆ ಎಂದು ಉಳಿದವರಿಗಿಂತ ಒಂದು ಕ್ಷಣ ಮೊದಲು ತಿಳಿಯುವುದು. ತಿಳಿದು ಮಾಡುವುದೇನೂ ಇರಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದೆ.

ಮೊನ್ನೆ ಬ್ಯಾಂಕಿನಲ್ಲಿ ಟೋಕನ್ ಕರೆಯುವ ಯಂತ್ರ ಅದೇ ಸ್ವರದಲ್ಲಿ ಕೂಗಿತು. ನನ್ನ ಸರದಿ ಬಂದು ಹೋದದ್ದೂ ಗೊತ್ತಾಗಲಿಲ್ಲ, ಆಕೆಯನ್ನೇ ನೆನೆಯುತ್ತ ಕೂತುಬಿಟ್ಟಿದ್ದೆ.

ಆಕೆ ಸಿರ್ಗಾಪುರದ ಕಡೆಯವಳು. ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ನನಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವಳು, ಆದರೂ ಆ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ‘ಆಯಿ’, ನನ್ನ ಬಾಯಲ್ಲೂ. ನನ್ನ ಮೊಮ್ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಅಂಗೈಯಷ್ಟು ದೊಡ್ಡ ಮರಿಮೊಮ್ಮಗನನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಪಕ್ಕದ ಪೆಟ್ಟಿಗೆಯಲ್ಲಿ ಆಕೆಯ ಮಗಳ ಮಗು, ಹೆಣ್ಣು. ನಮ್ಮ ಮಗುವಿಗೆ ತಾಯಿ ಕೆಳಗಿನ ಕೋಣೆಯಲ್ಲೇ ಇದ್ದಳು. ಆ ಮಗುವಿನ ತಾಯಿಗೆ ಹೆರಿಗೆಯ ಹೊತ್ತಿನಲ್ಲಿ ಫಿಟ್ಸ್ ಬಂದು, ಕಿಡ್ನಿಗೆ ಏಟು ಬಿದ್ದು, ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರು. ಜೊತೆಗೆ ಗಂಡ ಹೋಗಿದ್ದ. ಅವಳು ತನ್ನ ಮಗುವಿನ ಮುಖವನ್ನೇ ನೋಡಿರಲಿಲ್ಲ.

ಆಕೆ ಮೊದಲ ದಿನ ನನ್ನ ಪಕ್ಕ ಬಂದು ಕೂತು, ನನ್ನ ಕನ್ನಡಕ, ಮಡಿಲಿನ ಪುಸ್ತಕ, ಕಾಲಿನ ಬೂಟು ಎಲ್ಲ ನೋಡಿ ಮುಗಿಸಿ ಕೇಳಿದಳು:

“ಪಂತುಲಮ್ಮ ಇದ್ದಂಗ ಕಾಣ್ತೀರಿ?”

ಟೀಚರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. “ಆಗಿದ್ದೆ. ರಿಟೈರ್ ಆಗಿ ಬಹಳ ವರ್ಷ ಆತು” ಎಂದೆ.

“ಹಂಗಾದ್ರ ಒಂದು ಹೇಳ್ರಿ. ಆ ಡಬ್ಬಿ ಮ್ಯಾಲ ಅಂಕಿ ಬರ್ತದಲ್ಲ, ನಮ್ಮ ಕೂಸು ಪಾಸೋ ಫೇಲೋ?”

ಗಾಜಿನಾಚೆ ನೋಡಿದೆ. “ಪಾಸ್.”

“ಫಸ್ಟ್ ಕ್ಲಾಸೇನ್ರಿ?”

“ಜಸ್ಟ್ ಪಾಸ್.”

“ಸಾಕು ಬಿಡ್ರಿ. ನಮ್ಮ ಮನ್ಯಾಗ ಅಷ್ಟರ ಪಾಸಾದವರು ಯಾರದಾರ?” ಎಂದು ನಕ್ಕಳು. ಆ ನಗು, ಹೌ ಶಲ್ ಐ ಪುಟ್ ಇಟ್, ಬಯಲಿನಲ್ಲಿ ದೂರದವರನ್ನು ಕರೆದು ರೂಢಿಯಾದವರ ನಗು. ನರ್ಸ್ ಒಳಗಿನಿಂದ ಗಾಜು ಬಡಿದು ಸುಮ್ಮನಿರಲು ಸನ್ನೆ ಮಾಡಿದಳು. ಆಯಿ ಸೆರಗನ್ನು ಬಾಯೊಳಗೆ ತುರುಕಿಕೊಂಡಳು, ಭುಜ ಮಾತ್ರ ಕುಣಿಯುತ್ತಿತ್ತು.

ಆ ನರ್ಸ್ ತಾಂಡೂರಿನವಳು. ಅವಳಿಗೆ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದೆವು. ಅವಳ ಕೈಯಲ್ಲಿ ಆ ಮಕ್ಕಳ ಊಟ. ಹೀರಲು ಬಾರದ ಮಕ್ಕಳಿಗೆ ಬಾಯಿಂದ ಹೊಟ್ಟೆಗೆ ಇಳಿಬಿಟ್ಟ ಸಣ್ಣ ನಳಿಗೆ. ಅದರ ತುದಿಗೆ ಸಿರಿಂಜು. ಸಿರಿಂಜಿನ ಒತ್ತುಕಡ್ಡಿಯನ್ನು ಕಿತ್ತು ಪಕ್ಕಕ್ಕಿಟ್ಟು, ಹಾಲು ಹಾಕಿ, ದೀಪ ಹಿಡಿದಂತೆ ಎತ್ತಿ ಹಿಡಿಯುತ್ತಿದ್ದಳು. ಹಾಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮಗುವಿನ ಎದೆಬಡಿತ ಸ್ವಲ್ಪ ತಗ್ಗಿದರೆ ಕೈಯನ್ನೂ ತಗ್ಗಿಸುವಳು. ಹಾಲಿನ ಓಟ ನಿಧಾನವಾಗುತ್ತಿತ್ತು. ಆಯಿ ಒಮ್ಮೆ ಗೊಣಗಿದಳು: “ಒತ್ತಿದ್ರ ಒಂದು ಗಳಿಗ್ಯಾಗ ಆಗ್ತಿತ್ತಲ್ಲ ಸಿಸ್ಟರ್, ಕೈ ನೋಯಂಗಿಲ್ಲೇನು?”

“ಒತ್ತಿದ್ರ ಹೊಟ್ಟಿ ಉಬ್ಬಿ ಉಸಿರಿಗೆ ಜಾಗ ಇರಂಗಿಲ್ಲ ಆಯಿ. ಎದಿ ಬಡಿಯೋದು ಸಾವಕಾಶ ಆಗ್ತದ. ನನ್ನ ಕೈ ನೋಯ್ಲಿ ಬಿಡು.”

ಹಾಲು ನನ್ನ ಮೊಮ್ಮಗಳದು. ಅವಳಿಗೆ ಬೇಕಾದ್ದಕ್ಕಿಂತ ಹೆಚ್ಚು ಬರುತ್ತಿತ್ತು. ಡಾಕ್ಟರ್ ಅವಳ ರಕ್ತ ಪರೀಕ್ಷೆ ಮಾಡಿಸಿ, ಎರಡೂ ಮನೆಯವರನ್ನು ಕೇಳಿ, ಪಕ್ಕದ ಮಗುವಿಗೂ ಅದನ್ನೇ ಕೊಡಲು ಒಪ್ಪಿದರು. ಅಂದು ಆಯಿ ನನ್ನ ಮೊಮ್ಮಗಳ ಮಂಚದ ಹತ್ತಿರ ಹೋಗಿ, ಅವಳ ಎರಡೂ ಕೆನ್ನೆ ಸವರಿ ತನ್ನ ಹಣೆಗೆ ಬೆರಳು ಮುರಿದು ದೃಷ್ಟಿ ತೆಗೆದಳು. ಹೊರಗೆ ಬಂದು ನನ್ನ ಕಿವಿಯಲ್ಲಿ, “ಒಂದು ಫಿಕರ್ ಅದ ಪಂತುಲಮ್ಮ. ನಿಮ್ಮ ಮನಿ ಹಾಲು ಕುಡದು ನಮ್ಮ ಹುಡಿಗಿ ಇಂಗ್ಲಿಷ್ ಮಾತಾಡಿದ್ರ ಕುರಿ ಮಾತು ಕೇಳಂಗಿಲ್ರಿ” ಎಂದಳು.

“ಕುರಿಗಳಿಗೆ ನಾನು ಟ್ಯೂಷನ್ ಕೊಡ್ತೀನಿ.”

“ಫೀಸಿಗಿ ಉಣ್ಣೆ ಕೊಡ್ತೀವಿ.”

ಆಕೆಯ ಗಂಡ ಆಗ ಕುರಿ ಹೊಡೆದುಕೊಂಡು ಕೊಯ್ಲಾದ ಹೊಲಗಳನ್ನು ಹುಡುಕಿ ತಾಂಡೂರಿನ ಕಡೆ ಹೋಗಿದ್ದ. “ಕುರಿ ಎಷ್ಟ ಅಂದ್ರ ಥಟ್ ಅಂತ ಹೇಳ್ತಾನ್ರಿ. ಮಕ್ಕಳೆಷ್ಟ ಅಂದ್ರ ವಿಚಾರ ಮಾಡ್ತಾನ” ಎಂದು ಅವನನ್ನು ದಿನಕ್ಕೊಮ್ಮೆಯಾದರೂ ಆಡಿಕೊಳ್ಳುತ್ತಿದ್ದಳು. ಸಿಸ್ಟರ್ ಕೂಡ ಬಿಡುತ್ತಿರಲಿಲ್ಲ: “ನಿಮ್ಮ ಮಂದಿ ನಮ್ಮೂರ ಹೊಲ ಎಲ್ಲಾ ಬೋಳು ಮಾಡಿ ಬರ್ತಾರ, ಇಲ್ಲಿ ನಾನು ನಿಮ್ಮ ಕೂಸಿಗೆ ಹಾಲು ಹಾಕ್ಬೇಕು.”

ಮಗುವನ್ನು ಬರಿಯ ಎದೆಗೆ ಒರಗಿಸಿಕೊಂಡು ನಳಿಗೆಯಲ್ಲಿ ಹಾಲು ಬಿಟ್ಟರೆ ಉಸಿರು, ಬಡಿತ ಎರಡೂ ಸ್ಟೆಡಿ ಇರುತ್ತವೆ ಎಂದು ಸಿಸ್ಟರ್ ಹೇಳಿಕೊಟ್ಟಾಗ ನಾವೆಲ್ಲ ಸಂಕೋಚದಿಂದ ಮುದುರಿದೆವು. ಆಯಿ ರವಿಕೆ ಸಡಿಲಿಸಿ ಒಂದೇ ಸಲಕ್ಕೆ ಕೂತಳು. “ತಾಯಿ ಒಲ್ಲೆ ಅಂದ ಮರೀನ್ನ ಕಂಬಳ್ಯಾಗ ಹಿಂಗೇ ಇಟ್ಕೋತೀವ್ರಿ. ಅದು ಒದೀತದ, ಇದು ಒದಿಯಂಗಿಲ್ಲ, ಅಷ್ಟ.” ಹಾಗೆ ಕೂತಾಗ ನಿಜಕ್ಕೂ ಆ ಸ್ವರ ಅಲುಗಾಡದೆ ನಿಲ್ಲುತ್ತಿತ್ತು. ಮಗು ಆಕೆಯ ಎದೆಯ ಮೇಲೆ ಒಂದು ಎಲೆ ಅಂಟಿದಂತೆ ಇರುತ್ತಿತ್ತು. ಆಕೆ ಕುತ್ತಿಗೆ ಬಗ್ಗಿಸಿ ಅದರ ನೆತ್ತಿಯನ್ನೇ ನೋಡುವಳು.

ಡಾಕ್ಟರ್ ಹೇಳಿದ್ದು ಇಷ್ಟು: ಮಗು ಬಾಯಿಂದ ಕುಡಿಯಬೇಕು, ಕುಡಿಯುವಾಗ ಅಂಕಿ ಇಳಿಯಬಾರದು, ಹಾಗಾದರೆ ಹೈದರಾಬಾದಿಗೆ ಕರೆದುಕೊಂಡು ಹೋಗಿ ತಾಯಿಗೆ ತೋರಿಸಬಹುದು. ಆಕೆಗೆ ಬೇರೆ ಆಸೆಯೇ ಇರಲಿಲ್ಲ. ಒಳಗೆ ಫೋನ್ ಒಯ್ಯುವಂತಿರಲಿಲ್ಲವಾದ್ದರಿಂದ ಆಕೆಯ ಗುಂಡಿ ಫೋನು ನನ್ನ ಮಡಿಲಲ್ಲಿರುತ್ತಿತ್ತು. ದಿನವೂ ಅಳಿಯ ಫೋನ್ ಮಾಡಿ ಹೆಂಡತಿಯ ಕಿವಿಗೆ ಹಿಡಿಯುತ್ತಿದ್ದ. ಸ್ಪೀಕರ್ ಹಾಕಿ ನಾನು ಹಿಡಿಯುತ್ತಿದ್ದೆ, ಏಕೆಂದರೆ ಆಯಿ ಫೋನನ್ನು ಬಾಯಿಯ ಮುಂದೆ ಹಿಡಿದು ಕೂಗುತ್ತಿದ್ದಳು, ಕಿವಿಗೆ ಇಡುವುದು ಮರೆಯುತ್ತಿದ್ದಳು.

“ಯವ್ವಾ, ಕುಡದಾಳೇನು?”

“ನಾಳಿಗಿ ಕುಡೀತಾಳ.”

ಸಿಸ್ಟರ್ ಒಮ್ಮೆ ನಿಯಮ ಬಿಟ್ಟು ನನ್ನ ಫೋನಿನಲ್ಲಿ ಮಗುವಿನ ಫೋಟೊ ತೆಗೆದುಕೊಟ್ಟಳು. ಅಳಿಯನಿಗೆ ಕಳಿಸಿದೆವು. ಸಂಜೆ ಆ ಹುಡುಗಿ ನಿಧಾನಕ್ಕೆ, ಮಾತಿನ ನಡುವೆ ನಿಲ್ಲುತ್ತ ಹೇಳಿದಳು: “ಚಂದ ಅದಾಳ. ಖರೆ, ಫೋಟೋದಾಗ ಉಸಿರಾಡೋದು ಕಾಣಂಗಿಲ್ಲ ಯವ್ವಾ. ಕೂಸಿನ್ನೇ ತಗೊಂಡು ಬಾ.”

ಆ ಮಾತು ಆಯಿಯ ಮೈಯೊಳಗೆ ಹೊಕ್ಕಿತು. ಮಾರನೆಯ ದಿನದಿಂದ ಸಿಸ್ಟರನ್ನು ಕಾಡತೊಡಗಿದಳು. ಬಾಟಲಿ ತರಲೇ ಎಂದಳು. ಸಿಸ್ಟರ್ ಕೈಮುಗಿದಳು: “ಬಾಟಲಿ ಬ್ಯಾಡ. ಅದು ಧಾರಿ ಕಟ್ಟಿ ಬಿಡ್ತದ. ಇದಕ್ಕ ನುಂಗಿ ನುಂಗಿ ಉಸಿರು ತಗೋಳಾಕ ಪುರಸತ್ತು ಸಿಗಂಗಿಲ್ಲ. ಎರಡು ದಿನ ತಡಿ, ಉಗ್ಗಗಿನ್ನಿಲೆ ಶುರು ಮಾಡೂಣ.” ಉಗ್ಗಗಿನ್ನಿ ಎಂದರೆ ನಮ್ಮ ಅಜ್ಜಿಯರ ಕಾಲದ ಒಳಲೆಯೇ, ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿದ ಬಾಯಿಯ ಪುಟ್ಟ ಬಟ್ಟಲು.

ಎರಡು ದಿನ ತಡೆಯುವುದು ಆಕೆಯಿಂದ ಆಗಲಿಲ್ಲ. ಕುರಿ ಸಾಕುವವರಿಗೆ ಒಂದು ಪರೀಕ್ಷೆ ಗೊತ್ತು. ತಬ್ಬಲಿ ಮರಿಯ ಬಾಯಿಗೆ ಬೆರಳಿಟ್ಟು ನೋಡುತ್ತಾರೆ; ಒಳಗೆ ಬೆಚ್ಚಗಿದ್ದು, ಬೆರಳನ್ನು ಜಗ್ಗಿ ಚೀಪಿದರೆ ಮರಿ ಗಟ್ಟಿ, ಹಾಲು ಕೊಡಬಹುದು. ಎದೆಗೆ ಒರಗಿಸಿಕೊಂಡಿದ್ದ ಮಗುವಿನ ಬಾಯಿಗೆ ಆಕೆ ಬೆರಳಿಟ್ಟಳು. ಮಗು ಚೀಪಿತು. ಜೋರಾಗಿಯೇ ಚೀಪಿತು. ಗಾಜಿನ ಈಚೆ ಕೂತ ನನ್ನ ಕಡೆ ತಿರುಗಿ, ಬಾಯಿ ಮಾತ್ರ ಆಡಿಸಿ “ಚೀಪ್ತದ್ರಿ!” ಎಂದಳು. ಮುಖವೆಲ್ಲ ಬೆಳಕು. ನಾನೂ ನಕ್ಕು ತಲೆ ಆಡಿಸಿದೆ. ಆಮೇಲೆ, ಸಿಸ್ಟರ್ ಆ ಬದಿಯ ಪೆಟ್ಟಿಗೆಗೆ ಹೋಗಿದ್ದಾಗ, ಆಕೆ ಸೊಂಟದಿಂದ ತೆಗೆದದ್ದು ಬಿಳಿಯ ಬಟ್ಟೆಯನ್ನು ಹೊಸೆದ ಬತ್ತಿ. ಮರಿಗಳಿಗೆ ಕೊಡುವ ರೀತಿಯದು. ಸಿರಿಂಜಿಗೆ ಹಾಕಿ ಬಟ್ಟಲಲ್ಲಿ ಉಳಿದಿದ್ದ ಹಾಲಿನಲ್ಲಿ ಅದ್ದಿ ಮಗುವಿನ ತುಟಿಗಿಟ್ಟಳು.

ಮಗು ಹೀರಿತು, ಮತ್ತೆ ಹೀರಿತು, ಮತ್ತೆ. ಬಿಡಲೇ ಇಲ್ಲ. ಸ್ವರ ಒಂದು ಮೆಟ್ಟಿಲು ಇಳಿಯಿತು. ಎರಡು. ನಾನು ಎದ್ದು ಗಾಜು ಬಡಿದೆ. ಸಿಸ್ಟರ್ ಓಡಿ ಬರುವಷ್ಟರಲ್ಲಿ ಮಗುವಿನ ಬಾಯಿಯ ಸುತ್ತ ನೀಲಿ ಉಂಗುರ, ಕೈ ಕಾಲು ಒದ್ದೆ ಬಟ್ಟೆಯಂತೆ ಜೋತಿದ್ದವು. ಸಿಸ್ಟರ್ ಬತ್ತಿ ಕಿತ್ತೆಸೆದು, ಅಂಗಾಲು ತಟ್ಟಿ, ಬೆನ್ನು ಉಜ್ಜಿ, ಕಡೆಗೆ ಮೂಗು ಬಾಯಿಗೆ ಮಾಸ್ಕ್ ಒತ್ತಿ ಗಾಳಿ ಕೊಟ್ಟಳು. ಬಣ್ಣ ಬರಲು ಎಷ್ಟು ಹೊತ್ತಾಯಿತೋ ಹೇಳಲಾರೆ. ಸ್ವರ ಮೇಲೇರಿದಾಗ ನನ್ನ ಹಣೆ ಗಾಜಿಗೆ ಒತ್ತಿಕೊಂಡಿತ್ತು. ಡಾಕ್ಟರ್ ಬಂದು ಕೂಗಾಡಿದರು. ಹಾಲು ನಳಿಗೆಯಲ್ಲೇ ಇಳಿಯಲಿ, ಬಾಯಿಂದ ಕೊಡುವ ಮಾತು ಸದ್ಯಕ್ಕೆ ಎತ್ತಬೇಡಿ ಎಂದರು.

ಸಿಸ್ಟರ್ ಕೂಗಲಿಲ್ಲ. ಗೋಡೆಗೆ ಅಂಟಿ ನಿಂತಿದ್ದ ಆಯಿಯನ್ನು ಹೊರಗೆ ತಂದು ಕೂರಿಸಿ ಹೇಳಿದಳು: “ಕುರಿಮರಿ ಹೊಟ್ಟ್ಯಾಗ ತನ್ನ ದಿನ ಮುಗಿಸಿ ಬರ್ತದ ಆಯಿ. ಇದು ನಡುವೇ ಬಂದದ. ಚೀಪಾಕ ಕಲ್ತದ. ಚೀಪೋದು ಬಿಟ್ಟು ಉಸಿರು ತಗೋಬೇಕು ಅನ್ನೋದು ಇನ್ನಾ ಕಲ್ತಿಲ್ಲ.”

ಆಯಿ ತನ್ನ ಕೈಗಳನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು: “ಆ ಬತ್ತಿ ಇಡದಿದ್ರ ಈ ವಾರದಾಗ ಹೋಗ್ತಿದ್ವೇನ್ರಿ ಹೈದರಾಬಾದಿಗಿ?”

“ಗೊತ್ತಿಲ್ಲ ಆಯಿ.”

“ನಿಮಗೂ ಗೊತ್ತಿಲ್ಲೇನು?”

ಅದರಲ್ಲಿ ಕೊಂಕಿರಲಿಲ್ಲ. ನನಗೆ ಗೊತ್ತಿರಬಹುದು ಎಂದು ನಿಜವಾಗಿಯೂ ನಂಬಿದ್ದಳು, ಪೂರ್ ಥಿಂಗ್.

ಅಂದಿನಿಂದ ಆಕೆ ಮಗುವನ್ನು ಮುಟ್ಟಲಿಲ್ಲ. ಎದೆಗೆ ಹಾಕಿಕೋ ಎಂದರೆ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುವಳು. “ನನ್ನ ಕೈ ಬ್ಯಾಡ್ರಿ, ನೀವೇ ಹಾಕ್ರಿ.” ಗಂಡನ ಮೇಲಿನ ಚೇಷ್ಟೆಯ ಮಾತು ನಿಂತಿತು. ಫೋನಿನಲ್ಲಿ ಮಗಳು “ಕುಡದಾಳೇನು” ಎಂದರೆ “ಹೂಂ” ಎನ್ನುವಳು, ಬರಿಯ “ಹೂಂ”. ಮಗಳ ಮಾತೂ ದಿನದಿನಕ್ಕೆ ಗಿಡ್ಡವಾಯಿತು. ಕಡೆಕಡೆಗೆ ಅಳಿಯ, “ನಿದ್ದಿ ಹತ್ತ್ಯದ, ಎಬ್ಬಿಸಂಗಿಲ್ಲ” ಎಂದು ಇಟ್ಟುಬಿಡುತ್ತಿದ್ದ. ಆ ನಿದ್ದೆ ಎಂಥದೆಂದು ಅವನ ದನಿಯಲ್ಲೇ ಇತ್ತು. ಆಯಿಗೂ ಕೇಳಿಸುತ್ತಿತ್ತು. ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಗಾಜಿನಾಚೆ ನೋಡುವುದಷ್ಟೇ ನಮ್ಮ ಕೆಲಸ. ನನ್ನ ಇಂಗ್ಲಿಷು, ಆಕೆಯ ಅಷ್ಟೊಂದು ಮರಿಗಳು, ಎರಡೂ ಆ ಗಾಜಿನ ಈಚೆಗೇ ಉಳಿದುಹೋದವು.

ಒಂದು ಬೆಳಿಗ್ಗೆ ಡಾಕ್ಟರ್ ಮಗುವನ್ನು ನೋಡಿ, ಇನ್ನು ಒಳಲೆಯಲ್ಲಿ ಸ್ವಲ್ಪ ಸ್ವಲ್ಪ ಪ್ರಯತ್ನಿಸಿ ಎಂದರು. ಸಿಸ್ಟರ್ ಒಳಲೆ ತಂದು ಆಯಿಯ ಮುಂದೆ ಹಿಡಿದಳು. ಆಯಿ ಹಿಂದಕ್ಕೆ ಸರಿದಳು.

“ನೀನೇ ಕುಡಿಸ್ಬೇಕು ಆಯಿ. ಮನಿಗಿ ಹೋದ ಮ್ಯಾಲ ನಾ ಬರ್ತೀನೇನು ನಿಮ್ಮ ಕುರಿ ಹಟ್ಟಿಗಿ?”

“ಇದರ ಉಸಿರು ನನ್ನ ಕೈಯಾಗ ಹೋಗ್ತಿತ್ತಲ್ಲವ್ವಾ.”

“ನಿನ್ನ ಕೈಯಾಗ ಹೋಗ್ಲಿಲ್ಲ. ಗಡಬಡ್ಯಾಗ ಹೋಗ್ತಿತ್ತು. ಈ ಗಿನ್ನಿಗಿ ಗಡಬಡಿ ಇಲ್ಲ, ನೋಡು.”

ಸಿಸ್ಟರ್ ಆಕೆಯ ಬೆನ್ನ ಹಿಂದೆ ಸ್ಟೂಲು ಎಳೆದು ಕೂತು, ಆಕೆಯ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟಳು. ಮಗು ಮಲಗಿರಬಾರದು, ಕೂತಂತಿರಬೇಕು. ಒಳಲೆಯ ಕೊಕ್ಕು ಕೆಳತುಟಿಯ ಮೇಲೆ ಬರಿದೆ ತಂಗಬೇಕು. ಹಾಲು ಸುರಿಯುವಂತಿಲ್ಲ, ತುಟಿಗೆ ತಾಗಿಸಿ ಕಾಯಬೇಕು. ಮಗು ನಾಲಿಗೆ ಚಾಚಿ ತಾನೇ ಎಳೆದುಕೊಳ್ಳುತ್ತದೆ. ನುಂಗಿದ ಮೇಲೆ ಎದೆ ಏರಿ ಇಳಿಯಲಿ. ಆಮೇಲೆ ಮತ್ತೊಮ್ಮೆ. ಆ ಹೊತ್ತಿನಲ್ಲಿ ಕುಡಿಸುವವರ ಜೊತೆ ಯಾರೂ ಮಾತಾಡಬಾರದು ಎಂಬುದು ಸಿಸ್ಟರಿನ ಕಾನೂನು. ಡಾಕ್ಟರೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಮೊದಲ ದಿನ ನಾಲ್ಕು ಹನಿ ಹೊಟ್ಟೆಗೆ, ಉಳಿದದ್ದು ಕೊರಳಿಗೆ, ಬಟ್ಟೆಗೆ. ಆಯಿಯ ಹಣೆಯಿಂದ ಬೆವರು ಇಳಿಯುತ್ತಿತ್ತು.

ಎರಡನೆಯ ದಿನವೋ ಮೂರನೆಯ ದಿನವೋ ಆಕೆ ಕುಡಿಸುತ್ತಲೇ ಸೀಟಿ ಹಾಕಿದಳು. ಬಹಳ ಮೆಲ್ಲಗೆ, ತುಟಿಯ ಮೇಲೇ. ಕುರಿಗಳು ಹಳ್ಳಕ್ಕೆ ಬಾಯಿ ಹಚ್ಚಿದಾಗ ಬೆದರದೆ ಕುಡಿಯಲಿ ಎಂದು ಇವರು ಹಾಗೆ ಸೀಟಿ ಹಾಕುವುದುಂಟು. ಸಿಸ್ಟರ್ ಹುಬ್ಬೇರಿಸಿದಳು, ಮಾನಿಟರ್ ನೋಡಿದಳು, ಸುಮ್ಮನಾದಳು. ಆ ಸೀಟಿಯ ಒಂದೊಂದು ಎಳೆಗೂ ನಡುವೆ ಆಕೆ ತಾನೂ ಉಸಿರೆಳೆಯಬೇಕಿತ್ತಲ್ಲ, ಅಷ್ಟರಲ್ಲಿ ಮಗುವೂ ಉಸಿರೆಳೆಯುತ್ತಿತ್ತು. ಗಡಬಡಿ ಹಾಗೆ ಹೋಯಿತು. ನಳಿಗೆಯ ಹಾಲು ಕಡಿಮೆಯಾಗುತ್ತ, ಒಳಲೆಯ ಹಾಲು ಹೆಚ್ಚಾಗುತ್ತ ಬಂತು. “ಇವತ್ತು ಅರ್ಧ ಗಿನ್ನಿ” ಎಂದು ಹೊರಗೆ ಬಂದು ಹೇಳುವಳು. ಮುಖದಲ್ಲಿ ಹಳೆಯ ನಗು ಪೂರ್ತಿ ಬಂದಿರಲಿಲ್ಲ, ಅಂಚಿನಲ್ಲಿ ಇತ್ತು.

ಅಂದು ಮಧ್ಯಾಹ್ನ ಆಕೆ ಒಳಗೆ ಹಾಲು ಕುಡಿಸುತ್ತಿದ್ದಾಗ ನನ್ನ ಮಡಿಲಿನ ಫೋನು ಅಲುಗಿತು.

“ಅತ್ತಿ ಅದಾರೇನ್ರಿ?” ಅಳಿಯ.

“ಹಾಲು ಕುಡಿಸ್ತಿದಾರಪ್ಪಾ. ಹೇಳು.”

ಅವನ ಹಿಂದೆ ಯಾರೋ ಟ್ರಾಲಿ ತಳ್ಳಿದ ಸದ್ದು. ಆಮೇಲೆ, “ಹೋಗ್ಯಾಳ್ರಿ ಪಂತುಲಮ್ಮ. ಈಗ. ಊರಿಗಿ ತಗೊಂಡು ಬರ್ತೀನಿ, ಮಂದೀಗಿ ಹೇಳೀನಿ” ಎಂದ.

ಎದ್ದು ಬಾಗಿಲ ತನಕ ಹೋದೆ. ಸಿಸ್ಟರ್ ನನ್ನ ಮುಖ ನೋಡಿದಳು. ಅಂಗೈಯನ್ನು ಸ್ವಲ್ಪ ಎತ್ತಿ, ತಡೀರಿ ಎಂದು ಸನ್ನೆ ಮಾಡಿದಳು. ಒಳಲೆಯಲ್ಲಿ ಇನ್ನೂ ಅರ್ಧ ಹಾಲಿತ್ತು. ಆಕೆಯ ಕೈ ನಡುಗಿದರೆ ಮಗುವಿಗೆ ನೆತ್ತಿ ಹತ್ತೀತು. ಅಲ್ಲೇ ನಿಂತೆ. ಜಗತ್ತಿನಲ್ಲಿ ಆಕೆಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ನನಗೆ ತಿಳಿದಿದೆ, ಆಕೆ ನಾಲ್ಕು ಅಡಿ ದೂರದಲ್ಲಿ ಕೂತು ಸೀಟಿ ಹಾಕುತ್ತಿದ್ದಾಳೆ. ಗಾಡ್ ಫರ್ಗಿವ್ ಅಸ್, ಇನ್ನೇನು ಮಾಡುವುದು?

ಸೀಟಿ ನಿಂತಿತು. ಕಣ್ಣು ಮಗುವಿನ ತುಟಿಯಿಂದ ಎತ್ತದೆ, ಕೈ ಕದಲಿಸದೆ ಆಕೆ ಹೇಳಿದಳು:

“ಈಗ ಹೇಳಬ್ಯಾಡ್ರಿ ಪಂತುಲಮ್ಮ. ಹಾಲು ಮುಗೀಲಿ.”

ತುಟಿಗೆ ತಾಗಿಸಿದಳು, ಕಾದಳು. ಪುಟ್ಟ ಗಂಟಲು ಅಲುಗಿತು. ಎದೆ ಏರಿತು, ಇಳಿಯಿತು. ಮತ್ತೆ ತಾಗಿಸಿದಳು. ಒಮ್ಮೆಯೂ ಬೇಗ ಮಾಡಲಿಲ್ಲ. ಮಗು ಅಂದು ಮೊದಲ ಸಲ ಪೂರ್ತಿ ಹಾಲನ್ನು ಬಾಯಿಂದಲೇ ಕುಡಿಯಿತು. ಒಳಲೆ ಬರಿದಾದ ಮೇಲೆ ತುಟಿ ಒರೆಸಿ, ಹೆಗಲಿಗೆ ಹಾಕಿ, ತೇಗು ಬರುವ ತನಕ ಬೆನ್ನು ಸವರಿದಳು. ಸಿಸ್ಟರಿನ ಕೈಗೆ ಮಗುವನ್ನು ಕೊಟ್ಟು ಹೊರಗೆ ಬಂದು ನನ್ನೆದುರು ನಿಂತಳು.

“ಹೋಗ್ಯಾಳೇನ್ರಿ?”

ತಲೆ ಆಡಿಸಿದೆ.

“ಅಳಿಯ ಒಬ್ಬನೇ ಅದಾನೇನು ಅಲ್ಲಿ?”

“ಹೂಂ.”

“ಏನರ ತಿಂದಾನೋ ಇಲ್ಲೋ ಕೇಳಿದ್ರೇನ್ರಿ?”

“ಇಲ್ಲ ಆಯಿ, ಕೇಳಲಿಲ್ಲ.”

“ಕೇಳಬೇಕಿತ್ರಿ” ಎಂದು ಗೋಡೆ ಹಿಡಿದು ಬೆಂಚಿನ ಮೇಲೆ ಕೂತಳು.

ಮಗುವಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದು ಉಳಿಯಿತು. ನಮ್ಮ ಮಗುವನ್ನು ಮಾರನೆಯ ದಿನವೇ ಮನೆಗೆ ಕಳಿಸಿದರು. ಆ ಮಗುವನ್ನು ಅದರ ಸೋದರತ್ತೆ ಬಂದು ನೋಡಿಕೊಂಡು, ಆಮೇಲೆ ನಾರಾಯಣಖೇಡದ ತನ್ನ ಮನೆಗೆ ಒಯ್ದಳೆಂದು ಸಿಸ್ಟರ್ ಹೇಳಿದಳು. ಆಯಿಯ ನಂಬರಿಗೆ ಎಷ್ಟೋ ಸಲ ಫೋನ್ ಮಾಡಿದೆ. ಸ್ವಿಚ್ಡ್ ಆಫ್.

ಕಡೆಯ ಬಾರಿ ಆಕೆಯನ್ನು ನೋಡಿದ್ದು ಅದೇ ಮಧ್ಯಾಹ್ನ, ವಾರ್ಡಿನ ಕಿಟಕಿಯಿಂದ. ಊರಿನಿಂದ ಆಕೆಯನ್ನು ಕರೆದೊಯ್ಯಲು ಟೆಂಪೊ ಬಂದು ಕಿಟಕಿಯ ಕೆಳಗೇ ನಿಂತಿತು. ತುಂಬ ಹೆಂಗಸರು. ಆಕೆ ಮೆಟ್ಟಿಲಿಳಿದು ಬಂದದ್ದು ಕಂಡದ್ದೇ ಅವರು ಎದೆಗೆ ಕೈ ಹಾಕಿ, ಸತ್ತವಳ ಹೆಸರು ಹಿಡಿದು ದನಿ ತೆಗೆದರು. ನಮ್ಮ ಕಡೆ ಸಾವಿನ ಮನೆಯವರನ್ನು ಕಂಡೊಡನೆ ಹಾಗೆ ದನಿ ತೆಗೆಯದಿದ್ದರೆ ತಪ್ಪು ಹಿಡಿಯುತ್ತಾರೆ. ಆಕೆ ಓಡಿಹೋಗಿ ಮುಂದಿದ್ದವಳ ಬಾಯಿಗೆ ಅಂಗೈ ಅಡ್ಡ ಇಟ್ಟಳು.

“ಇಲ್ಲಿ ಬ್ಯಾಡ. ಮ್ಯಾಲ ಕೂಸುಗಳು ಹಾಲು ಕುಡ್ಯಾಕತ್ತಾವ, ಬೆದರ್ತಾವ. ನಡೀರಿ, ಹತ್ರಿ.”

ಹೆಂಗಸರು ಗಪ್ಪಾದರು. ಒಬ್ಬೊಬ್ಬರಾಗಿ ಹತ್ತಿದರು. ಆಕೆ ಕಡೆಗೆ ಹತ್ತಿ ಹಿಂದಿನ ಹಲಗೆ ತಾನೇ ಎತ್ತಿ ಹಾಕಿಕೊಂಡಳು. ಟೆಂಪೊ ಗೇಟು ದಾಟಿತು, ಔಷಧಿ ಅಂಗಡಿಗಳ ಸಾಲು ದಾಟಿತು. ಅದರಿಂದ ಒಂದು ಸದ್ದೂ ಬರಲಿಲ್ಲ. ಹೆದ್ದಾರಿಯ ತಿರುವಿನಲ್ಲಿ ಮರೆಯಾದ ಮೇಲೆ ಅಳು ಕೇಳಿಸಿತು. ಮೊದಲ ಕೂಗು ಆಕೆಯದೇ.